ಒಬ್ಬನೇ ಅಡವಿಗೆ ಹೋಗುವವನ ಚೀಲ

ಅಡವಿಯಲ್ಲಿ ಒಬ್ಬನೇ ತಿರುಗಾಡುವವನಿಗೆ ಹುಲಿ, ಚಿರತೆಗಳಿಂದ ತೊಂದರೆ ಎಂದು ಜನ ತಿಳಿದಿರುತ್ತಾರೆ. ನಮ್ಮ ಬೀದರಿನ ಸುತ್ತ ಹುಲಿಯೂ ಇಲ್ಲ, ಅಷ್ಟು ದೊಡ್ಡ ಅಡವಿಯೂ ಇಲ್ಲ. ನನಗೆ ಆದ ಫಜೀತಿಗಳೆಲ್ಲ ಜೀವ ಉಳಿಸಲೆಂದು ಬೆನ್ನಿಗೆ ಹಾಕಿಕೊಂಡು ಹೋದ ಸಾಮಾನುಗಳಿಂದಲೇ ಆದವು. ಈಗಲೂ ಆಗುತ್ತಲೇ ಇವೆ.

ನಾನು ಭಾಲ್ಕಿಯ ಒಂದು ಸಣ್ಣ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವವನು. ಮನೆ ಬೀದರಿನ ನೌಬಾದದಲ್ಲಿ. ಮದುವೆ ಆಗಲಿಲ್ಲ. ಅಕ್ಕನೂ ನಾನೂ ಒಟ್ಟಿಗೆ ಇದ್ದೆವು. ಬೆಳಿಗ್ಗೆ ಪೇಪರನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ರೂಢಿ. ಅಕ್ಕ ತೀರಿಹೋದ ಮೇಲೂ ಕೆಲವು ದಿನ ಹಾಗೇ ಓದಿದೆ. ಪಕ್ಕದ ಮನೆಯವರು ನಾನು ಹೊಸ ಟಿವಿ ತಂದಿದ್ದೇನೆ ಎಂದುಕೊಂಡಿದ್ದರಂತೆ.

ಕೆಲಸದಲ್ಲಾದರೂ ಮಾತು ಇದೆಯೇ ಎಂದರೆ, ಅಲ್ಲಿ ನಾನು ಆಡುವುದು ಇಷ್ಟೇ: "ಉಸಿರು ಬಿಗಿ ಹಿಡೀರಿ. ಅಲುಗಾಡಬ್ಯಾಡ್ರಿ. ಆಯ್ತು, ಹೋಗ್ರಿ." ರವಿವಾರ ಅದೂ ಇಲ್ಲ. ಖಾಲಿ ಮನೆಯಲ್ಲಿ ಕೂರುವುದಕ್ಕಿಂತ ಅಡವಿ ಸುತ್ತುವುದು ವಾಸಿ ಅನ್ನಿಸಿತು. ಒಬ್ಬನೇ ಹೋಗುವವನು ಚೀಲದಲ್ಲಿ ಏನೇನು ಇಟ್ಟುಕೊಂಡಿರಬೇಕು ಎಂದು ಮೊಬೈಲಿನಲ್ಲಿ ಒಬ್ಬ ಹೇಳುತ್ತಿದ್ದ. ನೀರು, ಸೀಟಿ, ಬ್ಯಾಟರಿ, ಕಡ್ಡಿಪೆಟ್ಟಿಗೆ, ಹಗ್ಗ, ಗಾಯಕ್ಕೆ ಕಟ್ಟುವ ಪಟ್ಟಿ. ನನ್ನ ಕಣ್ಣಲ್ಲಿ ಕಣ್ಣಿಟ್ಟು ಅಷ್ಟು ಹೊತ್ತು ಮಾತಾಡಿದವರು ಯಾರೂ ಇರಲಿಲ್ಲ. ಅವನು ಹೇಳಿದ್ದನ್ನೆಲ್ಲ ಮಾಡಿದೆ.

ಚೀಲ

ಮೊದಲು ಚೀಲ. ಹಳೇ ಪೇಟೆಯ ಅಂಗಡಿಗೆ ಹೋಗಿ, ಬೆನ್ನಿಗೆ ಹಾಕುವ ಗಟ್ಟಿ ಚೀಲ ಬೇಕು ಎಂದೆ.

ಅಂಗಡಿಯವ ಕೇಳಿದ, "ಬಚ್ಚಾ ಯಾವ ಕ್ಲಾಸ್ ರೀ?"

"ಬಚ್ಚಾ ಇಲ್ರಿ. ನನಗ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ವ್ಯಾಪಾರದವನಾದ್ದರಿಂದ ನಗಲಿಲ್ಲ. "ನೀವು ಯಾವ ಕ್ಲಾಸ್?" ಎಂದ.

ನನ್ನ ಬೆನ್ನಿಗೆ ಸರಿಹೋದ ಚೀಲ ಒಂದೇ ಇತ್ತು. ಅದರ ಮೇಲೆ ಹಲ್ಲು ಕಿರಿದು ನಗುವ ಕರಡಿಯ ಚಿತ್ರ. ಅದನ್ನೇ ತಂದೆ. ಮರು ರವಿವಾರ ಔರಾದದ ಬಸ್ಸು ಹತ್ತಿ, ಕರಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಣ್ಣುಮಗಳು.

"ಮೊಮ್ಮಗಂದೇನ್ರಿ ಚೀಲ?" ಎಂದಳು.

ಅಲ್ಲ ಎಂದಿದ್ದರೆ ಎಲ್ಲ ವಿವರಿಸಬೇಕಾಗುತ್ತಿತ್ತು. "ಹೌದ್ರಿ" ಎಂದೆ.

ಅಲ್ಲಿಗೆ ಮುಗಿಯಲಿಲ್ಲ. ಹೆಸರು ಏನು, ಯಾವ ಸಾಲಿ, ಊಟ ಸರಿಯಾಗಿ ಮಾಡ್ತಾನೋ ಇಲ್ಲೋ, ಯಾರ ಮಾರಿ ಹೋಲ್ತಾನ. ಒಂದೊಂದಕ್ಕೂ ಉತ್ತರ ಕೊಡುತ್ತ ಹೋದೆ. ಹುಡುಗ ತುಂಟ, ಆದರೆ ಲೆಕ್ಕದಲ್ಲಿ ಚುರುಕು. ಬದನೆಕಾಯಿ ಪಲ್ಯ ಮುಟ್ಟುವುದಿಲ್ಲ. ಮಾರಿ ನಮ್ಮ ಅಕ್ಕನದು. ಔರಾದ ಬರುವಷ್ಟರಲ್ಲಿ ನನಗೇ ಆ ಹುಡುಗನ ಮೇಲೆ ಜೀವ ಬಂದುಬಿಟ್ಟಿತ್ತು. ಇಳಿಯುವಾಗ ಆಕೆ ಸೆರಗಿನ ಗಂಟಿನಿಂದ ಶೇಂಗಾ ಚಿಕ್ಕಿ ತೆಗೆದು ನನ್ನ ಕೈಗಿಟ್ಟಳು.

"ಕೂಸಿಗಿ ಕೊಡ್ರಿ. ನೀವ ತಿನ್ನಬ್ಯಾಡ್ರಿ, ನಿಮ್ಮ ಮಾರಿ ನೋಡಿದ್ರ ತಿನ್ನೋರ ಹಂಗ ಕಾಣ್ತೀರಿ."

ಗುಡ್ಡದ ತುದಿಯಲ್ಲಿ ಒಬ್ಬನೇ ಕೂತು ಆ ಚಿಕ್ಕಿಯನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಮೊಮ್ಮಗನ ಪರವಾಗಿ ನಾನೇ ತಿಂದೆ. ಅವನಿಗೆ ಚಿಕ್ಕಿ ಅಂದರೆ ಬಹಳ ಇಷ್ಟ.

ಸೀಟಿ

ಹಾದಿ ತಪ್ಪಿದರೆ ಗಾಬರಿಯಾಗಬೇಡಿ, ಮೂರು ಸಲ ಸೀಟಿ ಊದಿ, ಸ್ವಲ್ಪ ತಡೆದು ಮತ್ತೆ ಮೂರು ಸಲ ಊದಿ ಎಂದು ಮೊಬೈಲಿನವ ಹೇಳಿದ್ದ. ಔರಾದದ ಆಚೆ ಕುರುಚಲು ಅಡವಿಯಲ್ಲಿ ಒಂದು ಸಲ ನಿಜವಾಗಿಯೂ ಹಾದಿ ತಪ್ಪಿತು. ಎಲ್ಲಿ ನೋಡಿದರೂ ಅದೇ ಕೆಂಪು ಮಣ್ಣು, ಅದೇ ಮುತ್ತುಗದ ಗಿಡ. ನೀರು ಮುಗಿಯುತ್ತ ಬಂದಿತ್ತು. ನಾನು ಇಲ್ಲೇ ಉಳಿದರೆ ಯಾರಿಗೆ ಯಾವಾಗ ಗೊತ್ತಾದೀತು ಎಂದು ಯೋಚಿಸಿದೆ. ನಾನು ಹೋಗದಿದ್ದರೆ ಸೋಮವಾರ ದವಾಖಾನೆಯಲ್ಲಿ ಪೇಶಂಟರ ಸಾಲು ಬೆಳೆಯುತ್ತದೆ, ಆಗ ಗೊತ್ತಾಗುತ್ತದೆ. ಅದೂ ಯಾರಾದರೂ ಕೈಕಾಲು ಮುರಿದುಕೊಂಡು ಬಂದಿದ್ದರೆ ಮಾತ್ರ.

ಸೀಟಿ ತೆಗೆದು, ಇದ್ದ ಉಸಿರೆಲ್ಲ ಹಾಕಿ ಊದಿದೆ.

ಎದುರಿನ ದಿಬ್ಬದ ಹಿಂದೆ ಕೀಂ ಎಂದು ಬ್ರೇಕಿನ ಸದ್ದು. ಮತ್ತೆ ಊದಿದೆ. ಗಾಡಿ ಹೊರಟ ಸದ್ದು. ಮತ್ತೆ ಊದಿದೆ. ಮತ್ತೆ ಬ್ರೇಕು. ದಿಬ್ಬ ಹತ್ತಿ ನೋಡಿದರೆ ಕೆಳಗೆ ಡಾಂಬರು ರಸ್ತೆ, ರಸ್ತೆಯ ಮೇಲೆ ಬಸ್ಸು. ಒಳಗೆ ಡ್ರೈವರನಿಗೂ ಕಂಡಕ್ಟರನಿಗೂ ಜಗಳ ಹತ್ತಿತ್ತು.

"ಒಂದ್ ಸಲ ನಿಲ್ಲಸ್ತಿ, ಒಂದ್ ಸಲ ಹೋಗು ಅಂತಿ. ತಲಿ ಸರಿ ಅದನೋ ಇಲ್ಲೋ?" ಎನ್ನುತ್ತಿದ್ದ ಡ್ರೈವರ.

"ನಾ ಸೀಟಿ ಊದೇ ಇಲ್ಲೋ ಮಾರಾಯ" ಎನ್ನುತ್ತಿದ್ದ ಕಂಡಕ್ಟರ.

ಅಷ್ಟರಲ್ಲಿ ಮುಳ್ಳುಕಂಟಿಯಿಂದ ಕರಡಿಚೀಲದ ನಾನು, ಬಾಯಲ್ಲಿ ಸೀಟಿ ಕಚ್ಚಿಕೊಂಡೇ ಇಳಿದು ಬಂದೆ. ಕಂಡಕ್ಟರ ನನ್ನನ್ನು ಹತ್ತಿಸಿಕೊಂಡು ಕೇಳಿದ, "ಎಲ್ಲಿಂದ ಕೊಡ್ಲಿರಿ ಟಿಕೆಟ್?"

"ಇಲ್ಲಿಂದ."

"ಇಲ್ಲಿ ಸ್ಟಾಪ್ ಇಲ್ರಿ. ಹಿಂದಿನ ಊರಿಂದ ತಗೋಬೇಕು."

"ನಾ ಆ ಊರು ನೋಡೇ ಇಲ್ಲಲ್ರಿ."

"ಹಾದಿ ತಪ್ಪಿದೋರು ನೀವು," ಎಂದ ಅವನು ಟಿಕೆಟ್ಟು ಹರಿಯುತ್ತ. "ಎಲ್ಲೆಲ್ಲಿ ಹೋಗಿದ್ರೋ ನಿಮಗರ ಹ್ಯಾಂಗ ಗೊತ್ತು?"

ಕಡ್ಡಿಪೆಟ್ಟಿಗೆ

ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಡ್ಡಿಪೆಟ್ಟಿಗೆ ಒಯ್ಯುತ್ತೇನೆ. ಮನ್ನಳ್ಳಿ ಕಡೆಯ ಬಯಲಲ್ಲಿ ಹಾದಿ ಕೇಳಲು ನಿಂತಾಗ ಕುರಿ ಮೇಯಿಸುವ ಮುದುಕನೊಬ್ಬ, ಬೀಡಿ ಬಾಯಿಗಿಟ್ಟುಕೊಂಡು ನನ್ನ ಹತ್ತಿರ ಬೆಂಕಿ ಕೇಳಿದ. ಕೊಟ್ಟೆ.

"ನೀವು ಸೇದಲ್ರಿ?" ಎಂದ.

"ಇಲ್ರಿ ಕಾಕಾ."

"ಮತ್ತ ಕಡ್ಡಿಪೆಟಗಿ ಯಾಕ?"

"ಹಾದಿ ತಪ್ಪಿದ್ರ ಬೆಂಕಿ ಹಚ್ಚಲಿಕ್ಕ. ಹೊಗಿ ನೋಡಿ ಯಾರರ ಬರ್ತಾರ."

ಮುದುಕ ಒಂದು ದಮ್ಮು ಎಳೆದು, ಹೊಗೆ ಬಿಟ್ಟು, ಸುತ್ತ ಖಾಲಿ ಬಯಲು ನೋಡಿದ.

"ಹುಡುಗ ಇದ್ದಾಗಿಂದ ಇಲ್ಲೇ ಕುಂತು ಹೊಗಿ ಬಿಡ್ತೇನ್ರಿ. ಬಂದೋರು ನೀವು ಒಬ್ಬರ. ಅದೂ ಹಾದಿ ತಪ್ಪಿ."

ಸಂಜೆಯ ತನಕ ಅವನ ಹತ್ತಿರವೇ ಕೂತಿದ್ದೆ. ನಾನು ಹೋಗುತ್ತೇನೆ ಎಂದು ಏಳುವಾಗ ಕಡ್ಡಿಪೆಟ್ಟಿಗೆ ಹಿಂದಕ್ಕೆ ಕೊಡಲಿಲ್ಲ. "ಇರಲಿ ಬಿಡ್ರಿ," ಎಂದ. "ಮತ್ತ ಬೆಂಕಿ ಬೇಕಂದ್ರ ಇಲ್ಲಿಗೇ ಬರ್ತೀರಿ."

ಪಟ್ಟಿ

ಒಂದು ರವಿವಾರ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದೆ. ಚೀಲದೊಳಗಿನ ಪಟ್ಟಿ ತೆಗೆದು ಹಿಮ್ಮಡಿಗೆ ಕಟ್ಟಿ, ಕೋಲು ಊರುತ್ತ ಹೇಗೋ ಮನೆ ಸೇರಿದೆ. ಸೋಮವಾರ ಬೆಳಿಗ್ಗೆ ಕಾಲು ಕುಂಬಳಕಾಯಿಯಾಗಿತ್ತು. ಹೇಗಿದ್ದರೂ ದವಾಖಾನೆಗೇ ಹೋಗಬೇಕಲ್ಲ, ಹೋದೆ.

ಚೀಟಿ ಬರೆಯುವ ಹುಡುಗಿ ದಿನಾ ನೋಡುವವಳೇ. ಆದರೂ ನಿಯಮದ ಪ್ರಕಾರ ಕೇಳಿದಳು, "ಜೋಡಿ ಯಾರು ಬಂದಾರ್ರಿ ಸರ್?"

ನಾನು ಹಿಂದಕ್ಕೆ ತಿರುಗಿ ನೋಡಿದೆ. ಯಾಕೆ ನೋಡಿದೆನೋ ಗೊತ್ತಿಲ್ಲ. "ಯಾರೂ ಇಲ್ಲವ್ವ" ಎಂದೆ. ಅವಳು ಪೆನ್ನು ಎತ್ತಿಕೊಂಡು ಆ ಜಾಗದಲ್ಲಿ ಒಂದು ಗೀಟು ಎಳೆದಳು.

ಡಾಕ್ಟರು ಕಾಲು ಒತ್ತಿ ನೋಡಿ, ಎಕ್ಸ್‌ರೇ ಆಗಲಿ ಎಂದರು. ಎಕ್ಸ್‌ರೇ ತೆಗೆಯುವವನು ನಾನೊಬ್ಬನೇ. ಮಷೀನು ಹೊಂದಿಸಿ, ಪ್ಲೇಟು ಇಟ್ಟು, ಕುಂಟುತ್ತ ಹೋಗಿ ನಾನೇ ಮೇಜಿನ ಮೇಲೆ ಮಲಗಿದೆ. ನರ್ಸಮ್ಮನಿಗೆ, ನಾನು ಹೇಳಿದಾಗ ಗುಂಡಿ ಒತ್ತಿರಿ ಎಂದಿದ್ದೆ. ಮಲಗಿಕೊಂಡು ಮೇಲೆ ನೋಡಿದರೆ ಇಷ್ಟು ವರ್ಷ ನಾನು ಕಾಣದ ಚಾವಣಿ. ಅದರ ತುಂಬ ಜೇಡರ ಬಲೆ. ನನ್ನ ಪೇಶಂಟರು ಇದನ್ನೇ ನೋಡುತ್ತ ಇರುತ್ತಾರಲ್ಲ ಎಂದು ಪಾಪ ಅನ್ನಿಸಿತು.

"ಅಲುಗಾಡಬ್ಯಾಡ್ರಿ" ಎಂದೆ, ರೂಢಿಯಂತೆ. ಯಾರಿಗೆ ಹೇಳಿದೆ ಎಂದು ನನಗೇ ನಗು ಬಂದು ಮೈ ಕುಲುಕಿತು. ನರ್ಸಮ್ಮ ಆಗಲೇ ಗುಂಡಿ ಒತ್ತಿದಳು.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. "ಮುರಿದಿಲ್ಲ. ಆದ್ರ ಇದೇನ್ರಿ, ಪೂರಾ ಅಲುಗಾಡೇದ. ಪೇಶಂಟಗ ಹೇಳಬೇಕಿಲ್ಲೇನು?"

"ಹೇಳಿದೆ ಸರ್," ಎಂದೆ. "ಆ ಮನಷಾ ಯಾರ ಮಾತೂ ಕೇಳಂಗಿಲ್ಲ."

ಹೇಳಿ ಹೋಗುವುದು

ಕಾಲು ವಾಸಿಯಾಗುವ ತನಕ ಮನೆಯಲ್ಲಿ ಬಿದ್ದುಕೊಂಡು ಮೊಬೈಲಿನವನ ಮಾತುಗಳನ್ನು ಕೊನೆಯ ತನಕ ಕೇಳಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಚೀಲದಲ್ಲಿ ಹಿಡಿಯುವುದಿಲ್ಲ ಎಂದು ಅವನು ಕಡೆಗೆ ಹೇಳುತ್ತಾನೆ. ಎಲ್ಲಿಗೆ ಹೋಗುತ್ತೀರಿ, ಯಾವಾಗ ತಿರುಗಿ ಬರುತ್ತೀರಿ ಎಂದು ಮನೆಯವರಿಗೆ ಹೇಳಿ ಹೋಗಬೇಕಂತೆ.

ಅಂಗಡಿಯಲ್ಲಿ ಸಿಗುವ ಸಾಮಾನಾಗಿದ್ದರೆ ತರುತ್ತಿದ್ದೆ. ಬಹಳ ಯೋಚಿಸಿ, ಎದುರುಮನೆಯ ಖಾಲಾನನ್ನು ಕೇಳಿದೆ. ಗಲ್ಲಿಯವರೆಲ್ಲ ಆಕೆಗೆ ಚಿಕ್ಕಮ್ಮ ಎಂಬಂತೆ ಖಾಲಾ ಎನ್ನುತ್ತಾರೆ. ಮಗ ಆಟೊ ಓಡಿಸುತ್ತಾನೆ, ಆಕೆ ಬಾಗಿಲಲ್ಲಿ ಕೂತು ಕೌದಿ ಹೊಲಿಯುತ್ತಾಳೆ. ಅಲ್ಲಿಯ ತನಕ ನಮ್ಮ ಮಾತುಕತೆ ನೀರು ಬಂತೇನು, ಕರೆಂಟ್ ಹೋಯ್ತೇನು ಎಂಬುದರ ಆಚೆ ಹೋಗಿರಲಿಲ್ಲ.

ಆಕೆ ಸೂಜಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. "ಅಂದ್ರ, ನೀವು ಬರಲಿಲ್ಲ ಅಂದ್ರ ನಾ ಫಿಕರ್ ಮಾಡಬೇಕು?"

"ಹೌದು ಖಾಲಾ. ತಕಲೀಫ್ ಇದ್ರ ಬ್ಯಾಡ."

"ಅದರಾಗ ಏನ್ ತಕಲೀಫ್. ಅಸರ್ ಅಜಾನ್ ಆಗೂದ್ರಾಗ ಬಂದು ನನಗ ಮಾರಿ ತೋರಿಸಿ ಹೋಗ್ರಿ."

ಅಂದಿನಿಂದ ರವಿವಾರ ಹೊತ್ತು ಮುಳುಗುವ ಮುಂಚಿನ ಆ ಅಜಾನಿನ ಹೊತ್ತಿಗೆ ಸರಿಯಾಗಿ ಬಂದು, "ಖಾಲಾ, ಬಂದೆ" ಎನ್ನುತ್ತಿದ್ದೆ. "ಹಾಂ, ಹೋಗಿ ಕೈಕಾಲು ತೊಳ್ಕೋರಿ" ಎನ್ನುತ್ತಿದ್ದಳು, ತಲೆ ಎತ್ತದೆ. ಆ ಒಂದು ಮಾತಿಗಾಗಿ ನಾನು ಅಡವಿಯಿಂದ ಬೇಗ ಬೇಗ ಹೆಜ್ಜೆ ಹಾಕತೊಡಗಿದೆ.

ಒಂದು ರವಿವಾರ ಹೊನ್ನಿಕೇರಿ ಅಡವಿಗೆ ಹೋಗುತ್ತೇನೆ ಎಂದು ಹೇಳಿ ಹೊರಟೆ. ಅಡವಿ ಮುಟ್ಟುವಷ್ಟರಲ್ಲಿ ಬಿಸಿಲಿಗೆ ತಲೆನೋವು ಹತ್ತಿತು. ತಿರುಗಿ ಬಂದು, ಹಿಂದಿನ ಗಲ್ಲಿಯಿಂದ ಹಿತ್ತಲ ಬಾಗಿಲು ತೆಗೆದು ಒಳಗೆ ಹೋಗಿ, ಮೊಬೈಲ್ ಬಂದ್ ಮಾಡಿ ಮಲಗಿಬಿಟ್ಟೆ. ಮುಂಬಾಗಿಲಿಗೆ ಹೊರಗಿನಿಂದ ಜಡಿದ ಕೀಲಿ ಹಾಗೇ ಇತ್ತು.

ಎದ್ದಾಗ ಅಜಾನ್ ಆಗಿ ಎಷ್ಟೋ ಹೊತ್ತಾಗಿತ್ತು. ಬನಿಯನ್ನು, ಲುಂಗಿಯಲ್ಲೇ ಹಿತ್ತಲಿನಿಂದ ಸುತ್ತು ಹಾಕಿ ಓಡಿ ಬಂದೆ. ಗಲ್ಲಿಯಲ್ಲಿ ಒಬ್ಬ ಗಂಡಸೂ ಇಲ್ಲ. ಖಾಲಾ ಕೀಲಿ ಹಾಕಿದ ನನ್ನ ಬಾಗಿಲ ಎದುರು ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನನ್ನು ನೋಡಿದಳು. ಕೀಲಿ ನೋಡಿದಳು. ಮತ್ತೆ ನನ್ನನ್ನು ನೋಡಿದಳು.

"ನೀವು ಮನ್ಯಾಗ ಇದ್ರಿ?"

"ಹೌದು ಖಾಲಾ. ನಿದ್ದಿ ಹತ್ತಿತ್ತು."

"ಮತ್ತ ಅಲ್ಲಿ ಇವರು ಯಾರನ್ನ ಹುಡುಕ್ಲಕತ್ತಾರ?"

ಗಲ್ಲಿಯವರೆಲ್ಲ ಖಾಲಾನ ಮಗನ ಜೊತೆ ಎರಡು ಆಟೊದಲ್ಲಿ ಹೊನ್ನಿಕೇರಿಗೆ ಹೋಗಿದ್ದರು. ಫೋನ್ ಹಚ್ಚಿದರೆ ಯಾರದೂ ಹತ್ತಲಿಲ್ಲ. ಅಂಗಿ ಸಿಕ್ಕಿಸಿಕೊಂಡು, ಸರ್ಕಲ್ಲಿನಲ್ಲಿ ಬೇರೆ ಆಟೊ ಹಿಡಿದು ನಾನೂ ಹೋದೆ. ಹೊತ್ತು ಮುಳುಗುವುದಕ್ಕೆ ಸ್ವಲ್ಪ ಇತ್ತು. ಅಡವಿಯ ಅಂಚಿನಲ್ಲಿ ಅವರ ಎರಡೂ ಆಟೊ ಖಾಲಿ ನಿಂತಿದ್ದವು. ಒಳಗಿನಿಂದ ಕೂಗು ಕೇಳುತ್ತಿತ್ತು.

"ಎಕ್ಸ್‌ರೇ ಸಾಬ್."

ಇನ್ನೊಂದು ಕಡೆಯಿಂದ ಬೇರೆ ಧ್ವನಿ, "ಎಕ್ಸ್‌ರೇ ಸಾಹೇಬ್ರ, ಓ ಎಕ್ಸ್‌ರೇ ಸಾಹೇಬ್ರ."

ಇಷ್ಟು ವರ್ಷ ಒಂದೇ ಗಲ್ಲಿಯಲ್ಲಿದ್ದರೂ ನನ್ನ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಬೇಜಾರಾಗಬೇಕಿತ್ತು. ಆದರೆ ಆ ಅಡವಿಯಲ್ಲಿ ಅಷ್ಟು ಜನ ಗಂಟಲು ಹರಿಯುವ ಹಾಗೆ ನನ್ನನ್ನೇ ಕರೆಯುತ್ತಿದ್ದರು. ಸ್ವಲ್ಪ ಹೊತ್ತು ಓ ಎನ್ನದೆ ಸುಮ್ಮನೆ ಕೇಳುತ್ತ ನಿಂತೆ.

ಒಳಗೆ ಹೋಗಿ ನೋಡಿದರೆ ಗುಂಪು ಎರಡಾಗಿ ಒಡೆದಿತ್ತು. ಈ ಗುಂಪು ಕೂಗಿದರೆ ಆ ಗುಂಪು ಓ ಎನ್ನುವುದು, ಓ ಎಂದವನು ನಾನೇ ಎಂದು ಇವರು ಅತ್ತ ಓಡುವುದು. ಅಷ್ಟರಲ್ಲಿ ಅವರು ಇತ್ತ ಓಡಿ ಬಂದಿರುವುದು. ಹೀಗೆ ಒಬ್ಬರನ್ನೊಬ್ಬರು ಹುಡುಕುತ್ತ ಹಾದಿ ತಪ್ಪಿ ಸುಸ್ತಾಗಿದ್ದರು. ಒಬ್ಬರ ಹತ್ತಿರವೂ ಹನಿ ನೀರಿಲ್ಲ. ನನ್ನನ್ನು ನೋಡಿದ ಕೂಡಲೇ ಖಾಲಾನ ಮಗ ಬಂದು ಎರಡೂ ತೋಳು ಹಿಡಿದುಕೊಂಡ.

"ಎಲ್ಲಿದ್ರಿ ಸಾಬ್?"

"ಮನ್ಯಾಗ."

ಮುಳ್ಳು ತಾಗಿ ಅಂಗಿ ಹರಿದುಕೊಂಡಿದ್ದ ಹೇರ್‌ಕಟಿಂಗ್ ಅಂಗಡಿಯವ ನಿಧಾನವಾಗಿ ಕೇಳಿದ, "ಮನ್ಯಾಗ ಇರೋರ್ನ ಹುಡುಕಲಿಕ್ಕ ಅಡವಿಗಿ ಬಂದ ನಾವು, ಈಗ ಮನಿಗಿ ಹ್ಯಾಂಗ ಹೋಗಬೇಕು, ಅದರ ನಿಮಗ ಗೊತ್ತದೇನ್ರಿ?"

ಮರುದಿನ ಕೆಲಸದಿಂದ ಬಂದಾಗ ಖಾಲಾ ನನ್ನನ್ನು ಕರೆದು ಚಹಾ ಕೊಟ್ಟಳು. ಬೈಯುತ್ತಾಳೆ ಎಂದುಕೊಂಡು ಕೂತಿದ್ದೆ. ಆಕೆ ಕೌದಿ ಬದಿಗಿಟ್ಟಳು.

"ನಿಮ್ಮ ಹೆಸರು ಸುದ್ದಾ ನಮಗ ಗೊತ್ತಿಲ್ಲ ಅಂದ್ರ ಬಹಳ ಶರಮಿನ ಮಾತು ಅದ. ಪೂರಾ ಹೇಳ್ರಿ."

ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಸೇರಿಸಿ ಹೇಳಿದೆ. ಎಷ್ಟೋ ದಿನದ ಮೇಲೆ ನನ್ನ ಹೆಸರು ನನ್ನ ಕಿವಿಗೇ ಬಿತ್ತು. ಖಾಲಾ ಕಣ್ಣು ಮುಚ್ಚಿ ಎರಡು ಸಲ ಬಾಯಲ್ಲೇ ಹೇಳಿ ನೋಡಿದಳು. ಆಮೇಲೆ ಕೌದಿ ಮತ್ತೆ ಕೈಗೆ ತೆಗೆದುಕೊಂಡಳು.

"ಹೆಸರು ಬಹಳ ಚಂದ ಅದ ಸಾಬ್. ಆದ್ರ ಅಡವ್ಯಾಗ ನಿಂತು ಕೂಗೋರ್ಗಿ ಉದ್ದ ಆಗ್ತದ. ಎಕ್ಸ್‌ರೇನೇ ಇರಲಿ."