ಅಕ್ಕನ ಪಥ್ಯ ಮತ್ತು ಒಂದು ಚಮಚ ಕೂವೆಪುಡಿ

ಒಂದೇ ಒಂದು ಮಾತು ಹೇಳಬೇಕಿತ್ತು, ಬಹಳ ದಿನ ಹೇಳಲಿಲ್ಲ. ನಮ್ಮೂರು ಮಾದಾಪುರದವರ ಸುದ್ದಿಯನ್ನೆಲ್ಲ ಬಾಯ್ತುಂಬ ಆಡುವ ನನಗೆ ಆ ಮಾತಿಗೆ ಮಾತ್ರ ನಾಲಿಗೆ ಏಳಲಿಲ್ಲ. ಅದು ನನ್ನ ಅಕ್ಕನಿಗೆ ಹೇಳಬೇಕಾಗಿದ್ದ ಮಾತು. ಅಕ್ಕ ಎಂದರೆ ಯಾರು? ಒಂದು ಡಬ್ಬಿ ಬಿಳಿ ಪುಡಿಯನ್ನು ಕಟಕಟೆಗೆ ಹತ್ತಿಸಿ ವಿಚಾರಣೆ ಮಾಡುವ ಭೂಮಿಯ ಮೇಲಿನ ಏಕೈಕ ಹೆಂಗಸು!

ಆ ಪುಡಿ ಕೂವೆಯದು. ತೋಟದಂಚಿನ ಕೂವೆಗಡ್ಡೆಯನ್ನು ಕಿತ್ತು, ತುರಿದು, ನೀರಲ್ಲಿ ಕದಡಿ, ತಳಕ್ಕಿಳಿದ ಬಿಳಿಯನ್ನು ಮತ್ತೆ ಮತ್ತೆ ತೊಳೆದು ಒಣಗಿಸುವವಳು ಅವಳೇ. ನಮ್ಮಲ್ಲಿ ಸಾರು ಗಟ್ಟಿಯಾಗಲೂ ಕೂವೆ, ಹೊಟ್ಟೆ ಕೆಟ್ಟರೂ ಕೂವೆ. ಆದ್ದರಿಂದ ಫೋನಿನಲ್ಲಿ ಹೊಸ ಡಯೆಟ್ ಕಂಡಾಗಲೆಲ್ಲ ಮೊದಲು ಕೂವೆಯ ಗತಿ ತೀರ್ಮಾನವಾಗಬೇಕು.

ಮೊದಲು ಗೋಧಿ ಬಿಟ್ಟಳು. "ಕೂವೇಲಿ ಗ್ಲುಟನ್ ಇಲ್ಲ ಕಣೆ, ಪಾಸು!"

"ಗ್ಲುಟನ್ ಅಂದ್ರೇನಕ್ಕ?"

"ಇಲ್ದೇ ಇರೋದನ್ನ ಕಟ್ಕೊಂಡು ನಿಂಗೇನಾಗ್ಬೇಕು?"

ಆಮೇಲೆ ವೀಗನ್ ಆಗಿ ಹಾಲು ಬಿಟ್ಟಳು. ಕೊಟ್ಟಿಗೆಯ ಹಸು 'ನನ್ನದೇನು ತಪ್ಪು?' ಎಂಬಂತೆ ನೋಡಿತು. ಕೂವೆ ತೆಂಗಿನ ಹಾಲಿನ ಪಾಯಸವಾಗಿ ಪಾರಾಯಿತು. ಮುಂದೆ ಆದಿಮಾನವರ ಡಯೆಟ್ ಬಂತು. ಅನ್ನ, ಬೇಳೆ ಎರಡೂ ಫೇಲು, ಗಡ್ಡೆ ಪಾಸು.

"ಆದಿಮಾನವ್ರು ಮಿಕ್ಸೀಲಿ ತುರೀತಿದ್ರಾ?" ಎಂದೆ.

"ಕರೆಂಟ್ ಇದ್ದಿದ್ರೆ ತುರೀತಿದ್ರು!"

ಆದರೆ ಕೊನೆಯದು ಆಟವಲ್ಲ. ಅಕ್ಕನಿಗೆ ಸಕ್ಕರೆ ಕಾಯಿಲೆ ಎಂದಾಯಿತು. ಮುಂದಿನ ಪರೀಕ್ಷೆಯಲ್ಲಿ ಇಳಿಯದಿದ್ದರೆ ದಿನಾ ಇಂಜೆಕ್ಷನ್ ಎಂದರು ಕುಶಾಲನಗರದ ಡಾಕ್ಟರು. ಸೂಜಿ ಕಂಡರೆ ಬೆವರುವ ಅಕ್ಕ ಅನ್ನ, ಹಿಟ್ಟು ಮುಟ್ಟದ ಕೀಟೋ ಡಯೆಟ್ ಹಿಡಿದು, ತಾನೇ ಮಾಡಿದ ಕೂವೆಯನ್ನು ತಾನೇ ಅಟ್ಟಕ್ಕೇರಿಸಿದಳು. "ಇದು ಬರೀ ಪಿಷ್ಟ ಕಣೆ. ಫೇಲು. ನನ್ನ ಸಾರಿಗೆ ಹಾಕ್ಬೇಡ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಸಿಹಿಯೇ ಇಲ್ಲದ್ದು ಸಕ್ಕರೆ ಏರಿಸುವುದುಂಟೇ? ಹಸುಗೂಸಿಗೆ ಕೊಡುವ ಕೂವೆ ಕೇಡು ಮಾಡುತ್ತದೆಯೇ? ಇದೂ ಅವಳ ಇನ್ನೊಂದು ಹುಚ್ಚು ಎಂದುಕೊಂಡೆ. ಅಡುಗೆ ನನ್ನದು. ನೀರುನೀರಾದ ಅಣಬೆ ಸಾರು ಬಡಿಸಲು ನನಗೆ ಅವಮಾನ. ದಿನವೂ ಕದ್ದು ಕೂವೆ ಕದಡಿದೆ, ಒಂದೊಂದು ದಿನ ಧಾರಾಳವಾಗಿಯೇ.

"ನೋಡಿದ್ಯಾ, ಹಿಟ್ಟಿಲ್ದೇನೂ ಎಷ್ಟು ಗಟ್ಟಿ! ನಿನ್ ಕೈಗುಣ ಕಣೆ!" ಎಂದು ಅವಳು ಸುರಿದುಕೊಂಡಾಗ ಒಳಗೊಳಗೇ ನಕ್ಕಿದ್ದೆ.

ಪರೀಕ್ಷೆಯಲ್ಲಿ ಸಕ್ಕರೆ ಇಳಿದಿರಲಿಲ್ಲ. ಇನ್ನೊಂದು ಅವಕಾಶ ಕೊಟ್ಟ ಡಾಕ್ಟರು, "ಹಿಟ್ಟು, ಗಂಜಿ ಏನಾದ್ರೂ ತಿಂತೀರಾ?" ಎಂದು ಗದರಿದರು. ಪಕ್ಕದಲ್ಲೇ ಇದ್ದ ನನಗೆ ಆಗ ಹೊಳೆಯಿತು: ಕೂವೆಯೂ ಹಿಟ್ಟೇ.

ಬಸ್ಸಿನಲ್ಲಿ ಅಕ್ಕ ಪಿಸುಗುಟ್ಟಿದಳು: "ಮೊನ್ನೆ ನಿಂಗೆ ಹೇಳ್ದೆ ಒಂದು ಬಾಳೆಹಣ್ಣು ತಿಂದೆ ಕಣೆ. ಅದೇ ಇರ್ಬೇಕು. ನೀನು ಇಷ್ಟು ಕಷ್ಟಪಟ್ಟು ಮಾಡಿ ಹಾಕ್ತೀಯ, ನಾನೇ ಹಾಳು ಮಾಡ್ಕೊಂಡೆ."

ನಾನು ಕಿಟಕಿಯಾಚೆಯ ಮೆಣಸಿನ ಬಳ್ಳಿ ನೋಡುತ್ತ ಕುಳಿತೆ. ಅಂದಿನಿಂದ ಕೂವೆ ನಿಲ್ಲಿಸಿದೆ, ಬಾಯಿ ಬಿಡಲಿಲ್ಲ.

ಮೊನ್ನೆ ನನ್ನ ಹೊಟ್ಟೆ ಕೆಟ್ಟಿತು. ಅಕ್ಕ ಅಟ್ಟದಿಂದ ಡಬ್ಬಿ ಇಳಿಸಿ, ಬಿಳಿ ನೀರು ಗಾಜಿನಂತಾಗುವ ತನಕ ಬಿಡದೆ ತಿರುವಿ ಗಂಜಿ ಮಾಡಿದಳು. ಬೆರಳಿಗೆ ಸಿಡಿದ ಹನಿಯನ್ನೂ ನೆಕ್ಕದೆ ತೊಳೆದುಕೊಂಡಳು.

"ಉಪ್ಪು ನೀನೇ ನೋಡೇ. ನಾನು ನಾಲಿಗೆಗೆ ಮುಟ್ಸಲ್ಲ."

ಬಟ್ಟಲು ಕೆಳಗಿಟ್ಟೆ.

"ಅಕ್ಕಾ, ಆ ಸಾರಿಗೆಲ್ಲ ಕೂವೆ ಹಾಕಿದ್ದು ನಾನೇ. ನೀನು ತಿಂದ ಬಾಳೆಹಣ್ಣಲ್ಲ ಕಣೇ. ನಂದೇ ತಪ್ಪು, ಕ್ಷಮಿಸು."