ಪ್ಲಗ್ ಕಿತ್ತೊಡನೆ ಎಣಿಕೆ ಮರೆಯುವ ಸರ್ವರ್ ಮಹಾಶಯರಿಗೆ

ಲುಸಾಂಜಿ ಆರೋಗ್ಯ ಕೇಂದ್ರ,
ಉತ್ತರ ಮಲಾವಿ

ಮಾನ್ಯರೇ,

ಲಸಿಕೆ ಕೋಣೆಯ ಮೂಲೆಯನ್ನು ಎರಡು ವರ್ಷಗಳಿಂದ ಅಲಂಕರಿಸಿರುವ ತಮಗೆ, ದಾಖಲೆ ನೋಡಿಕೊಳ್ಳುವ ನರ್ಸ್ ತೋವೇರಾ ನ್ಯಿರೆಂಡಾಳ ಸವಿನಯ ವಂದನೆಗಳು. ತಾವೂ ತಮ್ಮ ಫ್ಯಾನೂ ಸಮಸ್ತ ವೈರುಗಳೂ ಕ್ಷೇಮವೆಂದು ಭಾವಿಸುತ್ತೇನೆ.

ಮೊದಲಿಗೆ ತಮ್ಮ ನಿಷ್ಠೆಯನ್ನು ಕೊಂಡಾಡಬೇಕು. ಕರೆಂಟ್ ಎಷ್ಟು ಸಲ ಹಠಾತ್ತನೆ ಹೋದರೂ ಒಂದು ಮಗುವಿನ ಹೆಸರನ್ನೂ ತಾವು ಕಳೆದಿಲ್ಲ. ಮಳೆಗೆ ಕಾರ್ಡು ಕರಗಿಹೋದ ತಾಯಂದಿರು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದಾಗ, ಯಾವ ಚುಚ್ಚುಮದ್ದು ಬಾಕಿಯಿದೆ ಎಂದು ಹೇಳಬಲ್ಲವರು ತಾವೊಬ್ಬರೇ. ಆದರೆ ತಮ್ಮನ್ನು ಎಷ್ಟು ಸಲ ಕೇಳಲಾಯಿತೆಂಬ ಎಣಿಕೆಯನ್ನು ಮಾತ್ರ, ಹೀಗೆ ಆರಿಹೋದಾಗಲೆಲ್ಲ, 'ಇನ್ನು ಇದನ್ನು ನಂಬುವಂತಿಲ್ಲ' ಎಂದು ತಾವೇ ಎಸೆದು, ಎದ್ದೊಡನೆ ಸೊನ್ನೆಯಿಂದ ಆರಂಭಿಸುತ್ತೀರಿ. ಇಂಥ ಪ್ರಾಮಾಣಿಕತೆ ನಮ್ಮ ನಡುವೆ ಅಪರೂಪ.

ಕಳೆದ ಮಂಗಳವಾರ ತಮ್ಮ ಬಳಕೆ ಎಷ್ಟಿದೆ ಎಂದು ನೋಡಲು ರಾಜಧಾನಿಯಿಂದ ತಪಾಸಣಾಧಿಕಾರಿ ಮ್ವೆನಿಫುಂಬೊ ಅವರು ಬಂದರು. ದೊಡ್ಡವರು ಬರುತ್ತಾರೆಂದರೆ ನಮ್ಮಲ್ಲಿ ನೆಲ ಮುಖ ಕಾಣುವಂತೆ ಹೊಳೆಯಲೇಬೇಕು. ಹಾಗಾಗಿ ಟಿವೊಂಗೆ ಎಂಬ ನಮ್ಮ ಆಯಾ ಬೆಳಿಗ್ಗೆಯೇ ತಮ್ಮ ಪ್ಲಗ್ ಕಿತ್ತು, ತಮ್ಮನ್ನು ಪಕ್ಕಕ್ಕೆ ಸರಿಸಿ, ಅಡಿಯಲ್ಲೆಲ್ಲ ಕೆಂಪು ಮೇಣ ತಿಕ್ಕಿ, ತಮ್ಮ ತಲೆಗೊಂದು ಕಸೂತಿ ಬಟ್ಟೆ ಹೊದಿಸಿ, ಮತ್ತೆ ಪ್ಲಗ್ ಸಿಕ್ಕಿಸಿದ್ದಳು.

ಅಧಿಕಾರಿಗಳು ಪರದೆ ನೋಡಿದರು. "ಏನ್ ಸಿಸ್ಟರ್, ಮೂರೇ ಸಲ ಕೇಳಿದೀರಲ್ಲ! ಇದನ್ನೇನು ಬಟ್ಟೆ ಹೊದಿಸಿ ಶೋಕಿಗೆ ಇಟ್ಕೊಂಡಿದೀರಾ?"

"ಅಯ್ಯೋ ಸಾರ್, ಅದು ಇವತ್ತು ಬೆಳಿಗ್ಗೆಯಿಂದ ಈಚೆಗಿಂದು ಅಷ್ಟೇ," ಎಂದೆ.

"ಹಾಗಾದ್ರೆ ಮಷಿನ್ ಸುಳ್ಳು ಹೇಳ್ತಿದೆಯಾ?"

ತಾವು ಸುಳ್ಳು ಹೇಳಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಅಧಿಕಾರಿಗಳು 'ಬಳಕೆಯಿಲ್ಲ, ವಾಪಸು ತರಿಸಿ' ಎಂದು ಬರೆದು, ನೆಲ ಬಹಳ ಚೆನ್ನಾಗಿದೆ ಎಂದು ಟಿವೊಂಗೆಯನ್ನು ಹೊಗಳಿ ಹೊರಟರು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಇನ್ನು ಮುಂದೆ ಕರೆಂಟ್ ಹೋದಾಗ ಒಮ್ಮೆಲೇ ಬೀಳದೆ, ಎಣಿಕೆ ಬರೆದಿಟ್ಟುಕೊಳ್ಳುವಷ್ಟು ಹೊತ್ತಾದರೂ ದಯವಿಟ್ಟು ತೂರಾಡಿ. ಅದಾಗದಿದ್ದರೆ ಗಂಟೆಗೊಮ್ಮೆಯಾದರೂ ಎಣಿಕೆಯನ್ನು ಎಲ್ಲಾದರೂ ಗೀಚಿಟ್ಟುಕೊಳ್ಳಿ. ಪೂರ್ತಿ ನಂಬಿಕೆ ಬಾರದಿದ್ದರೆ 'ಸುಮಾರು ಇಷ್ಟು' ಎಂದಾದರೂ ಹೇಳಿ. ನಾವೆಲ್ಲ ಬದುಕುತ್ತಿರುವುದೇ ಸುಮಾರಿನ ಮೇಲೆ. ಮುಂದಿನ ವಾರ ಕಾರ್ಡಿಲ್ಲದೆ ಬರುವ ತಾಯಿಗೆ ಏನು ಹೇಳಬೇಕೆಂದು ನನಗೆ ನಿಜಕ್ಕೂ ತೋಚುತ್ತಿಲ್ಲ.

ತಮ್ಮ ವಿಶ್ವಾಸಿ,
ತೋವೇರಾ ನ್ಯಿರೆಂಡಾ

ತಾ.ಕ.: ಶುಕ್ರವಾರ ತಮ್ಮನ್ನು ರಾಜಧಾನಿಯ ಕಚೇರಿಯೊಂದಕ್ಕೆ ಒಯ್ಯುತ್ತಾರೆ. ಅಲ್ಲಿ ಕರೆಂಟ್ ಹೋಗುವುದೇ ಇಲ್ಲವಂತೆ. ಮಕ್ಕಳೂ ಬರುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ. ಆ ಸೊನ್ನೆಯನ್ನು ತಾವು ವರ್ಷಗಟ್ಟಲೆ ಜೋಪಾನವಾಗಿ ಕಾಪಾಡುವಿರೆಂಬ ಪೂರ್ಣ ನಂಬಿಕೆ ನನಗಿದೆ.