ನಾಲ್ಕೇ ಮಂದಿಯ ಕ್ಯಾರವಾನ್

ಮನೆಯನ್ನೇ ಜೊತೆಗೆ ಕಟ್ಟಿಕೊಂಡು ಊರೂರು ತಿರುಗುವುದರಲ್ಲಿ ಕಷ್ಟವೇನಿದೆ? ಓದುಬರಹವಿಲ್ಲದ ಆಮೆಯೇ ಮಾಡುತ್ತದೆ. ನಾನಾದರೋ ಇತಿಹಾಸದಲ್ಲಿ ಎಂ.ಎ.!

ಹೀಗೆ ಯೋಚಿಸಿ ಬೇಸಿಗೆ ರಜೆಯಲ್ಲಿ ಒಂದು ಕ್ಯಾರವಾನ್ ಬಾಡಿಗೆಗೆ ತಂದೆ. ಒಳಗೆ ನಾಲ್ಕು ಹಾಸಿಗೆ, ಒಲೆ, ಮಡಚುವ ಮೇಜು, ಬ್ಯಾಟರಿಯ ಮೇಲೆ ನಡೆಯುವ ಏಸಿ. ಒಂದು ಶೌಚಾಲಯವೂ ಇತ್ತು. ಅದರಲ್ಲಿ ಯಾವ ಕಡೆ ಮುಖ ಮಾಡಬೇಕೆಂಬುದನ್ನು ಹೊರಗೇ ತೀರ್ಮಾನಿಸಿ ಒಳಗೆ ಹೋಗಬೇಕು. ಆಮೇಲೆ ತಿರುಗಲು ಬಾರದು.

ಮುಂದಿನದೆಲ್ಲ ಹೀಗೇ ನಡೆಯಿತೆಂದು ನಾನು ಪ್ರಮಾಣ ಮಾಡಲಾರೆ. ದಿನಚರಿ ಬರೆಯುವ ಚಟವೇನೋ ನನಗಿದೆ, ಆದರೆ ಆ ದಿನಗಳ ಪುಟಗಳಲ್ಲಿ ಬರೀ ಉದ್ಗಾರಗಳಿವೆ. ಇನ್ನು ನೆನಪು ಯಾವತ್ತೂ ನನ್ನ ಪರವಾಗಿಯೇ ವಾದಿಸುವ ವಕೀಲ. ಆದ್ದರಿಂದ ಅಲ್ಲಲ್ಲಿ ಹೆಂಡತಿ ವಿದ್ಯಾಳ ಸಾಕ್ಷ್ಯವನ್ನೂ ಸೇರಿಸಿದ್ದೇನೆ.

ನಾವು ಧಾರವಾಡದ ಕಡೆಯವರು, ಈಗ ಪುಣೆಯ ಕೋಥರೂಡದ ನಿವಾಸಿಗಳು. ಮಗಳು ಮಧುರಾಗೆ ಹನ್ನೆರಡು, ಮಗ ಅಂಕುರನಿಗೆ ಏಳು. ಅವರು ಕಂಡ ರಜೆಗಳೆಂದರೆ ಯಾರದೋ ಮದುವೆ, ಯಾರದೋ ಮುಂಜಿ, ಯಾವ ತರಗತಿಯೆಂದು ತಿಳಿಯಲು ಗಲ್ಲ ಹಿಂಡಿ "ಎಷ್ಟನೇತ್ತಾ?" ಎಂದು ಕೇಳುವ ಹಿರಿಯರ ಸಾಲು. ಪ್ರತಿ ವರ್ಷ "ಮುಂದಿನ ಸಲ ನಾವಷ್ಟೇ ಹೋಗೋಣ" ಎಂದು ನಾನು ಹೇಳುವುದು, ಪ್ರತಿ ವರ್ಷ ಒಂದು ಲಗ್ನಪತ್ರಿಕೆ ಬರುವುದು.

"ಪಪ್ಪಾ, ಈ ಸಲ ನಾವು ನಾಲ್ಕೇ ಮಂದಿ," ಎಂದಳು ಮಧುರಾ. "ಬಯಲಾಗ ಒಂದ ರಾತ್ರಿ. ಸುತ್ತಲೂ ಯಾರೂ ಇರಬಾರದು. ಪ್ರಾಮಿಸ್?"

"ಪ್ರಾಮಿಸ್!"

"ನಿನ್ನ ಪ್ರಾಮಿಸ್ ಅಲ್ಲ. ಖರೇ ಪ್ರಾಮಿಸ್."

ಆ ಮಾತು ಎಲ್ಲೋ ಚುಚ್ಚಿತು. ಅಪ್ಪನ ಜೊತೆ ತಿರುಗಾಡಲು ಹುಡುಗಿ ಇನ್ನೆಷ್ಟು ದಿನ ಒಪ್ಪಿಯಾಳು? ಖರೇ ಪ್ರಾಮಿಸ್ ಎಂದೆ.

ಸೊಲ್ಲಾಪುರ ದಾಟಿ ಇಂಡಿ ತಾಲೂಕಿನ ಕಡೆ ಹೊರಳಿದರೆ ಕಣ್ಣು ಸೋಲುವಷ್ಟು ದೂರ ಬರೀ ಕರಿಮಣ್ಣಿನ ಬಯಲು. ಅಲ್ಲಿಗೇ ಹೋಗುವುದು ಎಂದು ನಿರ್ಧಾರವಾಯಿತು. ಹೊರಡುವ ಮುನ್ನ ಗಾಡಿಯ ಫೋಟೋ ಹಿಡಿದು, "ನಾಲ್ಕೇ ಮಂದಿ ಬಯಲಿಗೆ ಹೊರಟೆವು" ಎಂದು ಬರೆದು, ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಯಾಕೆ ಹಾಕಿದೆ? ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಉತ್ತರ ಗೊತ್ತಿದೆ, ಆದರೆ ಮರ್ಯಾದೆಯದಲ್ಲ.

ಗಾಡಿ ಸೊಸೈಟಿಯ ಗೇಟು ದಾಟುವ ಮೊದಲೇ ಸೊಲ್ಲಾಪುರದಿಂದ ಸಿಂಧು ಅತ್ಯಾನ ಫೋನು ಬಂತು. ಅಪ್ಪನ ತಂಗಿ.

"ಶ್ರೀಧರಾ, ನಮ್ಮ ಊರ ದಾಟಿ ಹೊಂಟೀಯಂತ. ಅತ್ಯಾ ಇದ್ದಾಳೋ ಸತ್ತಾಳೋ ನೋಡಿ ಹೋಗೂ ಹಂಗಿಲ್ಲೇನಪಾ?"

"ಹಂಗಲ್ಲ ಅತ್ಯಾ... ಬರೇ ಚಹಾಕ್ಕ ಬರ್ತೀವಿ."

"ಬರೇ ಚಹಾಕ್ಕ!" ಎಂದು ವಿದ್ಯಾ ನಕ್ಕಳು. ತಾನು ನಗಲೇ ಇಲ್ಲವೆಂಬುದು ಅವಳ ಸಾಕ್ಷ್ಯ. ನನ್ನ ಕಿವಿಗಳು ಬೇರೆ ಹೇಳುತ್ತವೆ.

ಅತ್ಯಾನ ಓಣಿಗೆ ನಮ್ಮ ಗಾಡಿ ಸೀಸೆಯ ಬಾಯಿಗೆ ಬಿರಡೆ ಹೊಕ್ಕಂತೆ ಹೊಕ್ಕಿತು. ಅತ್ಯಾ ಆರತಿ ಎತ್ತಿದಳು, ಗಾಲಿಗೆ ನಿಂಬೆಹಣ್ಣು ಇಟ್ಟಳು. ಓಣಿಯ ಹೆಂಗಸರೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ ಒಳಹೋಗಿ ದರ್ಶನ ಪಡೆದರು. ಒಬ್ಬರು ಒಲೆಗೆ ಕುಂಕುಮ ಹಚ್ಚಿದರು. ಚಹಾ ಊಟವಾಯಿತು. ಊಟ ಮುಗಿಯುತ್ತಲೇ ಕರೆಂಟು ಹೋಯಿತು.

"ಗಾಡ್ಯಾಗ ಏಸಿ ಅದ ಅಂದ್ಯಲ್ಲ?" ಎಂದಳು ಅತ್ಯಾ.

ಆ ರಾತ್ರಿ ಕ್ಯಾರವಾನಿನಲ್ಲಿ ನಾಲ್ಕೇ ಮಂದಿ ಮಲಗಿದರು. ಅತ್ಯಾ ಮತ್ತು ಅವಳ ಮೂವರು ಗೆಳತಿಯರು! ನಾವು ಮಾಳಿಗೆಯ ಮೇಲೆ, ಒಣಹಾಕಿದ ಸಂಡಿಗೆಗಳ ನಡುವೆ.

ಬೆಳಿಗ್ಗೆ ಗಾಡಿ ಹೊರಡಿಸಲು ಹೋದರೆ ಮುಂದಿನ ಸೀಟಿನಲ್ಲಿ ಅತ್ಯಾ, ತೊಡೆಯ ಮೇಲೆ ಒಂದು ಚೀಲ.

"ಹೆಂಗೂ ಜಾಗ ಅದ. ನಾನೂ ಒಂದ ರಾತ್ರಿ ಅಡವ್ಯಾಗ ಮಲಗತೇನಿ. ಈ ವಯಸ್ಸಿನಾಗ ಇನ್ನ ಯಾವಾಗ ನೋಡ್ಲಿ?"

ಇದಕ್ಕೆ ಇಲ್ಲ ಎನ್ನಲು ರಾಕ್ಷಸನೇ ಬೇಕು. ನಾನು ಬರೀ ಎಂ.ಎ. ಹೂಂ ಎಂದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಮಧುರಾ ಐದು ಬೆರಳು ಎತ್ತಿ ತೋರಿಸುತ್ತಿದ್ದಳು.

ಬಯಲು ಮಾತ್ರ ಮೋಸ ಮಾಡಲಿಲ್ಲ. ಬಿಸಿಲಿಗೆ ಬಿರಿದ ಕರಿನೆಲ, ದೂರದಲ್ಲೊಂದು ಜಾಲಿಗಿಡ, ಮೇಲೆ ಅಗಲವಾದ ಆಕಾಶ. ಮನುಷ್ಯರ ಸುಳಿವಿಲ್ಲ. ಮಧುರಾಳ ಮುಖ ಅರಳಿತು. "ಪಪ್ಪಾ, ಇಲ್ಲೇ!"

"ನಾ ಇದ್ದೇನಿ ಅಂತ ತಿಳೀಬ್ಯಾಡವಾ. ಕಣ್ಣ ಮುಚ್ಚಿ ಕೂಡತೇನಿ," ಎಂದಳು ಅತ್ಯಾ, ಪಾಪ.

"ರಸ್ತಾದ ಬಾಜೂಕ ನಿಲ್ಲಸ್ರಿ, ಸಾಕು," ಎಂದಳು ವಿದ್ಯಾ.

ನನಗೆ ಬಯಲಿನ ನಟ್ಟನಡುವೆಯೇ ಬೇಕಿತ್ತು. ಗಾಡಿಯನ್ನು ಹೊಲಕ್ಕಿಳಿಸುತ್ತ ಉಪನ್ಯಾಸ ಶುರುಮಾಡಿದೆ. "ಈ ನೆಲದ ಮ್ಯಾಲೆ ಎಂಥೆಂಥಾ ದಂಡು ದಾಟಿ ಹೋಗ್ಯಾವ ಗೊತ್ತದೇನು? ಸಾವಿರಾರು ಕುದುರಿ ಓಡ್ಯಾವ!"

"ಕುದುರಿ ಓಡ್ಯಾವ್ರಿ. ಅಡಗಿಮನಿ ಓಡಿಲ್ಲ."

ಕರಿಮಣ್ಣಿನ ಗುಣ ನನಗೆ ಗೊತ್ತಿತ್ತು. ಒಣಗಿದಾಗ ಕಲ್ಲು, ನೆನೆದಾಗ ಅಂಟು. ಅದು ಒಣಗಿಯೇ ಇತ್ತು. ಮಧ್ಯಾಹ್ನ ಎಲ್ಲಿಂದಲೋ ಗಾಳಿ ಎದ್ದಿತು, ಗುಡುಗಿತು, ಅಡ್ಡಮಳೆ ದಬದಬ ಸುರಿದು ಚಹಾ ಆರುವಷ್ಟರಲ್ಲಿ ನಿಂತಿತು. ಅಷ್ಟೇ ಸಾಕಾಯಿತು. ಗಾಲಿಗಳು ಅರ್ಧ ಹೂತುಹೋದವು. ಆಕ್ಸಿಲರೇಟರ್ ಒತ್ತಿದೆ. ಗಾಡಿ ಅಲುಗಲಿಲ್ಲ. ಮಣ್ಣು ಮಾತ್ರ ಹಾರಿತು, ಹಿಂದೆ ನಿಂತು ತಳ್ಳುತ್ತಿದ್ದ ವಿದ್ಯಾಳ ಮೇಲೆ! ಆಗ ಅವಳು ಆಡಿದ ಮಾತಿನ ಬಗ್ಗೆ ನಮ್ಮಿಬ್ಬರ ಸಾಕ್ಷ್ಯಗಳೂ ತಾಳೆಯಾಗುತ್ತವೆ. ಅದನ್ನು ಬರೆಯುವುದಿಲ್ಲ.

ಸಂಜೆಯ ಹೊತ್ತಿಗೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಅದರ ಮೇಲಿನ ಗಟ್ಟಿಮುಟ್ಟಾದ ಯಜಮಾನರು ಗಾಲಿಯ ಕಡೆ ನೋಡಲೇ ಇಲ್ಲ, ನಮ್ಮನ್ನು ನೋಡಿದರು.

"ಯಾವೂರಾವ್ರು?"

"ಪುಣೆ."

"ಪುಣಾ ಇರ್ಲಿ ಬಿಡ್ರಿ. ಮೂಲ ಯಾವೂರು? ಯಾರ ಪೈಕಿ?"

ಮಧುರಾ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಪಪ್ಪಾ, ಹೇಳಬ್ಯಾಡ."

ನಾನು ಹೇಳಲಿಲ್ಲ. ಆದರೆ ಅಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದ ಅತ್ಯಾ ಆ ಪ್ರಶ್ನೆ ಕಿವಿಗೆ ಬೀಳುತ್ತಲೇ ಕಣ್ಣು ತೆರೆದಳು. ಸೆರಗು ಹೊದ್ದು ಕೆಳಗಿಳಿದಳು. ಯಜಮಾನರ ಅತ್ತಿಗೆಯ ತವರು ಯಾವುದು, ಆ ಊರಿನ ಮೇಷ್ಟ್ರ ಮಗಳನ್ನು ಎಲ್ಲಿಗೆ ಕೊಟ್ಟಿತ್ತು, ಆಕೆಯ ನೆಗೆಣ್ಣಿ ಯಾರ ಮೊಮ್ಮಗಳು... ಗಾಲಿ ಕೆಸರಿನಲ್ಲಿ ಇನ್ನೊಂದಿಷ್ಟು ಇಳಿಯಿತು. ಸಂಬಂಧ ಮೇಲೆ ಬಂತು. ವಿದ್ಯಾಳ ಅಜ್ಜಿಯ ಕಡೆಯಿಂದ!

"ಅಂದ್ರ ನೀವು ನಮ್ಮ ಪೈಕೀನ ಆದ್ರಿ! ಮನೀ ಇಲ್ಲೇ ಇರೂಮುಂದ ಹೊಲದಾಗ ಮಲಗತೀರೇನ್ರಿ? ಮಂದಿ ಏನಂದಾರು?"

"ಯಾವ ಮಂದಿ?" ಎಂದು ಮಧುರಾ ಸುತ್ತಲಿನ ಖಾಲಿ ಬಯಲನ್ನು ನೋಡುತ್ತ ಕೇಳಿದಳು.

ಟ್ರ್ಯಾಕ್ಟರ್ ಗಾಡಿಯನ್ನು ಎಳೆಯಿತು. ರಸ್ತೆಗಲ್ಲ, ನೇರ ಅವರ ಅಂಗಳಕ್ಕೆ! ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಗಟ್ಟಿ ಮೊಸರು, "ಎಷ್ಟನೇತ್ತಾ?" ಎಲ್ಲವೂ ಕ್ರಮಬದ್ಧವಾಗಿ ನಡೆದವು. ಪಡಸಾಲೆಯಲ್ಲಿ ಹಾಸಿದ ಜಮಖಾನೆಯ ಮೇಲೆ ಮಲಗಿದೆವು. ಬೆಳಿಗ್ಗೆ ನೋಡಿದರೆ ಕ್ಯಾರವಾನಿನೊಳಗೆ ನನ್ನ ಹಾಸಿಗೆಯ ಮೇಲೆ ಒಂದು ಮೂಟೆ ಉಳ್ಳಾಗಡ್ಡಿ, ಮಧುರಾಳದರ ಮೇಲೆ ಬಿಳಿಜೋಳ. ನಮ್ಮ ಸಂಸಾರದ ಪರವಾಗಿ ಆ ಹಾಸಿಗೆಗಳಲ್ಲಿ ಮಲಗಿದ್ದು ಇವಿಷ್ಟೇ.

ಅತ್ಯಾನನ್ನು ಸೊಲ್ಲಾಪುರದಲ್ಲಿ ಇಳಿಸಿದೆವು. ಗಾಡಿಯನ್ನು ಅಂದೇ ವಾಪಸು ಕೊಡಬೇಕಿತ್ತು. ದಾರಿಯುದ್ದಕ್ಕೂ ಮಧುರಾ ಸಿಟ್ಟು ಮಾಡಲಿಲ್ಲ. ಸಿಟ್ಟನ್ನು ನಾನು ನಿಭಾಯಿಸಬಲ್ಲೆ. ಅವಳು ಮರ್ಯಾದೆ ಕೊಟ್ಟಳು! "ಹೌದ್ರಿ ಪಪ್ಪಾ." "ಬ್ಯಾಡ್ರಿ ಪಪ್ಪಾ."

ಪುಣೆಯ ಅಂಚಿನ ಹಡಪಸರಕ್ಕೆ ಬಂದಾಗ ಟ್ರಾಫಿಕ್ಕು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಮುಂದೆ ಲಾರಿ, ಹಿಂದೆ ಬಸ್ಸು. ಜನ ಇಂಜಿನ್ ಆರಿಸಿ ಕೆಳಗಿಳಿದು ನಿಂತಿದ್ದರು. ನಾನೂ ಆರಿಸಿದೆ. ವಿದ್ಯಾ ಎದ್ದು ಒಲೆ ಹಚ್ಚಿ ಚಹಾಕ್ಕಿಟ್ಟಳು. ಅಂಕುರ ಜೋಳದ ಮೂಟೆಯ ಮೇಲೆ ನಿದ್ದೆಹೋದ. ಆಗ ನನಗೆ ಹೊಳೆಯಿತು. ಅತ್ಯಾ ಇಲ್ಲ, ಟ್ರ್ಯಾಕ್ಟರ್ ಇಲ್ಲ. ನಾವು ನಾಲ್ಕೇ ಮಂದಿ!

ಮಧುರಾಗೂ ಹೊಳೆದಿರಬೇಕು. ಮೆಲ್ಲಗೆ ಪರದೆ ಎಳೆದಳು, ಮಡಚುವ ಮೇಜು ಬಿಚ್ಚಿ ನಾಲ್ಕು ಕಪ್ಪು ಇಟ್ಟಳು.

"ಪಪ್ಪಾ, ಇದೂ ನಡೀತದ," ಎಂದಳು. "ಇಲ್ಲಿ ನಮ್ಮ ಗುರುತ ಹಿಡಿಯೋರು ಯಾರೂ ಇಲ್ಲ."

'ರೀ' ಹೋಗಿತ್ತು! ಅಷ್ಟರಲ್ಲಿ ನನ್ನ ಕಿಟಕಿಯ ಪಕ್ಕ, ಸ್ಕೂಟರಿನ ಮೇಲೆ ಕೂತ ಒಬ್ಬರು ಫೋನಿನಲ್ಲಿ ಹೇಳುತ್ತಿದ್ದರು: "ಇಲ್ಲೇ ಹಡಪಸರದಾಗ ಸಿಕ್ಕೊಂಡೇನಿ. ಭಾಳ ಗದ್ದಲ ಅದ."

ಮುಂದೆ ನಡೆದದ್ದು ನನಗೆ ಸ್ಪಷ್ಟವಾಗಿ ನೆನಪಿಲ್ಲ. ನೆನಪಿರಬಾರದೆಂದೇ ನನ್ನ ಆಸೆ. ಆದರೆ ವಿದ್ಯಾ ಮತ್ತು ಮಧುರಾ ಇಬ್ಬರ ಸಾಕ್ಷ್ಯವೂ ಒಂದೇ. ನಾನು ಗಾಜು ಇಳಿಸಿದೆನಂತೆ. ತಲೆ ಹೊರಗೆ ಹಾಕಿದೆನಂತೆ. ಹಲ್ಲು ಕಿರಿದು ಕೇಳಿದೆನಂತೆ:

"ನಮಸ್ಕಾರ್ರೀ! ಕನ್ನಡದವ್ರೇನ್ರಿ? ಯಾರ ಪೈಕಿ?"

ಮಧುರಾ ಎದ್ದು ಐದನೇ ಕಪ್ಪು ತೆಗೆದಿಟ್ಟಳು.